ಬರೆದ ಬದಿ ಮೇಲೆ

ಇಳಿಮಧ್ಯಾಹ್ನದ ಅಸರ್ ಬಾಂಗಿನ ಹೊತ್ತಿಗೆ ಹೆಂಡತಿ ರಹೀಮೊ ಮನೆಗೆ ಬರುತ್ತಾಳೆ ಎಂಬ ಒಂದೇ ಸಂಗತಿಯ ಸುತ್ತ ಮಫ್ದಲ್ ಬೆಳಗಿನಿಂದ ತಿರುಗುತ್ತಿದ್ದ. ಅಂಗಳದ ನಡುವೆ ಬಿದ್ದಿದ್ದ ಸಿಂಕಿನ ಸುತ್ತಲೂ ಹಾಗೆಯೇ ತಿರುಗುತ್ತಿದ್ದ. ಸ್ಟೀಲಿನ ಸಿಂಕು. ಒಂದು ತುದಿಗೆ ದುಂಡನೆಯ ಗುಂಡಿ, ಇನ್ನೊಂದು ತುದಿಗೆ ತೊಳೆದ ಪಾತ್ರೆ ಬೋರಲು ಹಾಕಲು ಗೀರುಗೀರಾದ ಚೌಕದ ತಟ್ಟೆ, ಹಿಂದಿನ ಅಂಚಿನಲ್ಲಿ ನಲ್ಲಿ ನಿಲ್ಲಿಸಲು ಒಂದು ತೂತು. ಅಂಗಳದ ಮೇಲಿನ ಚೌಕ ಆಕಾಶ ಅದರೊಳಗೆ ಬಿದ್ದು ಬಾಗಿತ್ತು. ಬಗ್ಗಿ ನೋಡಿದರೆ ತನ್ನ ಮುಖವೂ ಅಲ್ಲಿ ಅಗಲವಾಗಿ, ಮೂಗು ದಪ್ಪವಾಗಿ, ಯಾರೋ ಬೇರೆಯವರ ಮುಖದ ಹಾಗೆ ಬಂದು ಹೋಗುತ್ತಿತ್ತು. ಮನೆಗೆ ಕರೆಸಿಕೊಂಡು ಕೂರು ಎನ್ನದೆ ನಿಲ್ಲಿಸಿಟ್ಟ ನೆಂಟನ ಹಾಗೆ ಅದು ಮೂರು ದಿನದಿಂದ ಅಲ್ಲೇ ಇದೆ. ನಲ್ಲಿ ಕೆಲಸದವರಿಬ್ಬರಿಗೆ ಹೇಳಿಯಾಗಿತ್ತು. ಇಬ್ಬರೂ ಎದೆಯ ಮೇಲೆ ಕೈಯಿಟ್ಟು, ದೇವರಿಚ್ಛೆ, ನಾಳೆ ಎಂದಿದ್ದರು. ನಾಳೆಗಳು ಮುಗಿದು ಇವತ್ತು ಬಂದಿತ್ತು. ಅವರು ಬರದೆ ಇದ್ದದ್ದಕ್ಕೆ ತನಗೆ ಬೇಜಾರಾಗಿಲ್ಲ ಎಂಬುದನ್ನು ಮಫ್ದಲ್ ಎರಡನೇ ಲೋಟ ಪುದಿನ ಚಹಾ ಕುಡಿಯುವಾಗ ಗಮನಿಸಿದ. ಬಂದಿದ್ದರೆ ಅವರೇ ಮಾಡಿ ಹೋಗುತ್ತಿದ್ದರು. ತನ್ನ ಕೈಯಿಂದ ಆಗಬೇಕಾದ್ದೊಂದು ಆಗದೇ ಉಳಿಯುತ್ತಿತ್ತು.

ಕೈಗಳನ್ನು ನೋಡಿಕೊಂಡ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಕೈ. ಬೆರಳ ತುದಿಗಳು ನುಣ್ಣಗಾಗಿ, ಸಾಬೂನು ಸವೆದ ಹಾಗೆ ಸವೆದಿದ್ದವು. ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೇ ಕೂರಿಸಿದ ಕಲ್ಲಿನ ತೊಟ್ಟಿಯಿತ್ತು. ಅವನ ಅಜ್ಜಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದಳು, ತಾಯಿ ತೊಳೆದಳು, ರಹೀಮೊ ಮೂವತ್ತೊಂದು ವರ್ಷ ತೊಳೆದಳು. ಅಡುಗೆಮನೆಯಲ್ಲಿ ಬಿದ್ದು ಮುರಿದುಕೊಂಡ ಸೊಂಟದ ಮೂಳೆಗೆ ಕಬ್ಬಿಣ ಹಾಕಿದ ಡಾಕ್ಟರು, ಇನ್ನು ಈಕೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ ಎಂದಾಗ ರಹೀಮೊ ಹಾಸಿಗೆಯಿಂದ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನನ್ನ ಪಾತ್ರೆ ಯಾರು ತೊಳೀತಾರೆ?" ನೋವಾಗುತ್ತದೆಯೇ, ನಡೆಯಬಲ್ಲೆನೇ ಎಂದು ಕೇಳಲಿಲ್ಲ. ಡಾಕ್ಟರು ನಕ್ಕಿದ್ದರು. ಮಫ್ದಲ್ ಗೋಡೆ ನೋಡಿದ್ದ. ಆಸ್ಪತ್ರೆಯಿಂದ ರಹೀಮೊಳನ್ನು ಅವಳ ತಂಗಿ ತನ್ನ ಮನೆಗೆ ಕರೆದುಕೊಂಡು ಹೋದಳು. ಇವತ್ತಿಗೆ ನಲವತ್ತು ದಿನ. ಬೇರೆಯವರ ಅಡುಗೆಮನೆಯಲ್ಲಿ ಕೈಕಟ್ಟಿ ಕೂತ ನಲವತ್ತು ದಿನ ಅವಳಿಗೆ ಹೇಗೆ ಕಳೆದಿರಬೇಕೆಂದು ಅವನಿಗೆ ಗೊತ್ತಿತ್ತು. ಮೇಜಿನೆತ್ತರದ ಕಟ್ಟೆ, ಅದರಲ್ಲಿ ಸಿಂಕು, ನಿಂತುಕೊಂಡೇ ತೊಳೆಯಬಹುದು. ಹೀಗೊಂದು ಮಾಡಿಡುತ್ತೇನೆ ಎಂದು ಅವನು ಅವಳಿಗೆ ಹೇಳಿರಲಿಲ್ಲ. ಹೇಳಿದ ಮೇಲೆ ಮಾಡಲಾಗದಿದ್ದರೆ ಎಂಬ ಭಯ. ಹೇಳದೆ ಉಳಿಸಿಕೊಂಡದ್ದು ಇನ್ನೊಂದೂ ಇತ್ತು. ಅದರ ಹತ್ತಿರ ಮನಸ್ಸು ಬಂದಾಗಲೆಲ್ಲ, ಬೀದಿಯಲ್ಲಿ ಸಾಲ ಕೊಟ್ಟವನನ್ನು ಕಂಡವರ ಹಾಗೆ, ಪಕ್ಕದ ಗಲ್ಲಿಗೆ ಹೊರಳುತ್ತಿತ್ತು.

ಬಡಗಿ ಕಟ್ಟೆಯ ಹಲಗೆಯ ಹಿಂದಿನ ಅಂಚನ್ನು ಸೊಟ್ಟ ಗೋಡೆಗೆ ಸರಿಯಾಗಿ ಕೊಯ್ದು, ಮೇಲಿನ ಬದಿಯನ್ನು ನುಣುಪು ಮಾಡಿ, ಎಣ್ಣೆ ಕುಡಿಸಿ ಕೊಟ್ಟುಹೋಗಿದ್ದ. ಅಡುಗೆಮನೆಯಲ್ಲಿ ಇಟ್ಟಿಗೆಯ ಎರಡು ಗಿಡ್ಡ ಗೋಡೆಗಳೂ ಎದ್ದಿದ್ದವು. ಹಲಗೆಯಲ್ಲಿ ಸಿಂಕು ಇಳಿಯುವಷ್ಟು ತೂತು ಕೊರೆದು, ಹಲಗೆಯನ್ನು ಗೋಡೆಗಳ ಮೇಲಿಟ್ಟು, ಸಿಂಕನ್ನು ಇಳಿಸಿ, ಕೆಳಗೆ ಕೊಳವೆ ಜೋಡಿಸಬೇಕು, ಇಷ್ಟೆ. ಈ "ಇಷ್ಟೆ" ಎಂಬ ಮಾತು ಸಾಮಾನಿನ ಅಂಗಡಿಯ ಸಿ ತುಹಾಮಿಯದು. ಆತನಿಗೆ ಎಂಬತ್ತರ ಹತ್ತಿರ, ಊರಿಗೆಲ್ಲ 'ಸಿ', ಅಂದರೆ ಯಜಮಾನರು. ಸಿಂಕಿನ ಜೊತೆ ಬರಬೇಕಿದ್ದ ಅಳತೆಯ ಕಾಗದ ಪೆಟ್ಟಿಗೆಯಲ್ಲಿ ಇರಲಿಲ್ಲವೆಂದು ಆತ ತಾನೇ ಕಂದು ಕಾಗದ ಹಾಸಿ, ಸಿಂಕಿನ ಅಂಚು ಅಳೆದು, ಗೆರೆ ಎಳೆದು, ಕತ್ತರಿಯಲ್ಲಿ ಕತ್ತರಿಸಿಕೊಟ್ಟಿದ್ದ. ಒಂದು ತುದಿ ದುಂಡಗೆ, ಒಂದು ತುದಿ ಚೌಕ. ಕತ್ತರಿಸುವ ಮೊದಲು ಕಾಗದದ ನಡುವೆ, ನಡುಗುವ ಕೈಯಲ್ಲಿ, ಒಂದು ಸಾಲು ಬರೆದ: ಸ್ತುತಿಯೆಲ್ಲ ದೇವರೊಬ್ಬನಿಗೇ.

"ಇದ್ಯಾಕೆ ಸಿ ತುಹಾಮಿ, ತೂತಿನ ಅಳತೆಗೆ?" ಎಂದಿದ್ದ ಮಫ್ದಲ್.

"ನಮ್ಮಪ್ಪನ ಕಾಲದಿಂದ್ಲೂ ಈ ಸಾಲಿಲ್ದೆ ಒಂದು ಕಾಗದ ಈ ಅಂಗಡಿಯಿಂದ ಆಚೆ ಹೋಗಿಲ್ಲ. ತೂತಿರ್ಲಿ, ಬಾಗಿಲಿರ್ಲಿ. ಕೇಳಿಸ್ಕೊ. ನಾನು ಒಳಗಿನ ಗೆರೆಗೇ ಕತ್ತರಿಸಿದೀನಿ, ಸಿಂಕಿನ ಅಂಚು ಹಲಗೆ ಮೇಲೆ ಕೂತ್ಕೊಳ್ಳುತ್ತೆ. ತೂತು ಒಂದು ಬೆರಳು ಜಾಸ್ತಿ ಆಯ್ತೋ, ಸಿಂಕು ಸೀದಾ ನಿನ್ನ ಕಾಲ ಮೇಲೆ. ಆಮೇಲೆ ಗಂಡ ಹೆಂಡ್ತಿ ಇಬ್ರಿಗೂ ಒಂದೊಂದು ಕೋಲು."

"ಆಯ್ತು."

"ಬರೆದ ಬದಿ ಮೇಲಿರ್ಲಿ. ಮಗುಚಬೇಡ. ಗುಂಡಿ ಬಲಗಡೆ ಬರ್ಬೇಕು, ಕಿಟಕಿ ಹತ್ರ, ಬೆಳಕಿರೋ ಕಡೆ. ನೆನಪಿರುತ್ತಾ?"

"ಇರುತ್ತೆ."

"ನಿಮ್ಮಪ್ಪನ ಮಗ ನೀನು. ನಿನಗೇನು ಹೇಳೋದು," ಎಂದು ಮುದುಕ ಕಾಗದವನ್ನು ಸುರುಳಿ ಸುತ್ತಿ ಕೊಟ್ಟ. ಅದು ಹೊಗಳಿಕೆಯಾಗಿರಲಿಲ್ಲ ಎಂದು ಮಫ್ದಲನಿಗೆ ಅರ್ಧ ಬೀದಿ ನಡೆದ ಮೇಲೆ ಅನ್ನಿಸಿತು.

ಅಪ್ಪ ಈ ತೆತ್ವಾನ್ ಊರಿನ ಗಲ್ಲಿಗಳ ಕೆಳಗೆ ಹರಿಯುವ ಮಣ್ಣಿನ ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದವನು. ಬೆಟ್ಟದ ಊಟೆಯಿಂದ ಮಸೀದಿಯ ಹೌಜಿಗೆ, ಅಲ್ಲಿಂದ ಮನೆಗಳಿಗೆ, ಮನೆಯಿಂದ ಮನೆಗೆ ನೀರು ಹೇಗೆ ಹೋಗುತ್ತದೆಂಬುದು ಅವನ ತಲೆಯಲ್ಲಿತ್ತು, ಬರೆದಿಟ್ಟದ್ದು ಎಲ್ಲಿಯೂ ಇರಲಿಲ್ಲ. ಎಲ್ಲೋ ಸೋರುತ್ತಿದೆಯೆಂದರೆ ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೀದಿಯ ಜನ ತಾವಾಗಿಯೇ ಸದ್ದು ತಗ್ಗಿಸುತ್ತಿದ್ದರು. ಆಮೇಲೆ ನೆಲದ ಒಂದು ಜಾಗಕ್ಕೆ ಕಾಲಿನಿಂದ ತಟ್ಟಿ, ಬಿಸ್ಮಿಲ್ಲಾ, ದೇವರ ಹೆಸರಲ್ಲಿ, ಎಂದು ಜೋರಾಗಿ ಹೇಳಿ ಕಲ್ಲು ಎತ್ತುತ್ತಿದ್ದ. ಎಷ್ಟು ಜೋರಾಗಿ ಎಂದರೆ, ಕೆಳಗಿದ್ದವರು ಯಾರೋ ಪಕ್ಕಕ್ಕೆ ಸರಿದುಕೊಳ್ಳಲೆಂದು ಹೇಳಿದ ಹಾಗೆ. ಒಂಬತ್ತು ವರ್ಷದ ಮಫ್ದಲ್ ಒಮ್ಮೆ ಅವನಿಗೆ ಸುತ್ತಿಗೆ ಕೊಡಬೇಕಾದಲ್ಲಿ ಉಳಿ ಕೊಟ್ಟ, ಆಮೇಲೆ ಉಳಿ ಕೇಳಿದಾಗ ತನ್ನ ಕಾಲ ಮೇಲೆ ಬೀಳಿಸಿಕೊಂಡ. ಅಪ್ಪ ಬೈಯಲಿಲ್ಲ. ಮಗನ ಅಂಗೈಯನ್ನು ತಿರುಗಿಸಿ ನೋಡಿ, "ಈ ಕೈ ಹಾಳೆ ತಿರುವೋಕೆ ಸರಿ," ಎಂದು ಓದಿಸುವ ಉಸ್ತಾದರ ಬಳಿ ಬಿಟ್ಟುಬಂದ. ಅಲ್ಲಿ ಮರದ ಹಲಗೆಯ ಮೇಲೆ ಪವಿತ್ರ ಗ್ರಂಥದ ವಚನ ಬರೆದುಕೊಂಡು, ತೂಗಾಡುತ್ತ ಬಾಯಿಪಾಠ ಮಾಡಿ, ಬಾಯಿಗೆ ಬಂದ ಮೇಲೆ ಹಲಗೆ ತೊಳೆದು ಮುಂದಿನದನ್ನು ಬರೆಯಬೇಕು. ಆ ತೊಳೆದ ನೀರನ್ನು ನಿಂಬೆಗಿಡದ ಬುಡಕ್ಕೆ ಹಾಕಬೇಕು. ಒಂದು ದಿನ ಮಫ್ದಲ್ ಅವಸರದಲ್ಲಿ ಅದನ್ನು ಬಚ್ಚಲಿಗೆ ಸುರಿದುಬಿಟ್ಟ. ಉಸ್ತಾದರ ಏಟು ಅಂಗಾಲಿಗೆ ಬಿತ್ತು. ಅದಕ್ಕಿಂತ ಹೆಚ್ಚಾಗಿ, ಶಾಯಿಯ ನೀರು ಸುಳಿದು ಸುಳಿದು ಆ ಕಪ್ಪು ತೂತಿನೊಳಗೆ ಇಳಿದು ಹೋದದ್ದು ಕಣ್ಣಿಗೆ ಬಿತ್ತು. ದೇವರ ಹೆಸರೆಲ್ಲಿ, ಬಚ್ಚಲೆಲ್ಲಿ. ಅವೆರಡು ಒಂದಕ್ಕೊಂದು ತಾಕಬಾರದೆಂಬುದು ಅವತ್ತು ಮೈಗೆ ಇಳಿದದ್ದು ಮತ್ತೆ ಏಳಲಿಲ್ಲ.

"ಏನೋ ಮಫ್ದಲ್, ಇನ್ನೂ ಮದುವೆ ಹೆಣ್ಣು ನೋಡಿದ ಹಾಗೆ ನೋಡ್ತಾನೇ ಇದೀಯ?"

ಮೇಲೆ, ಮಾಳಿಗೆಯ ಕಟಕಟೆಯ ಮೇಲೆ ಪಕ್ಕದ ಮನೆಯ ಹಿರಿಯಾಕೆ, ಬೀದಿಗೆಲ್ಲ ಲಲ್ಲಾ ಎನಿಸಿಕೊಂಡ ಶಾಮಾಳ ತಲೆ ಕಾಣಿಸಿತು. ಒಗೆದ ಬಟ್ಟೆ ಹರವುವ ನೆವದಲ್ಲಿ ಆಕೆ ಈ ಅಂಗಳವನ್ನು ನಲವತ್ತು ದಿನದಿಂದ ಕಾಯುತ್ತಿದ್ದಳು. ಬಿಸ್ಸಾರ ಎಂಬ ಬೇಳೆ ಸಾರಿನ ಬಟ್ಟಲನ್ನು ಹಗ್ಗದಲ್ಲಿ ಇಳಿಸುತ್ತಿದ್ದಳು, ಖಾಲಿ ಬಟ್ಟಲನ್ನು ಬೈದು ಎಳೆದುಕೊಳ್ಳುತ್ತಿದ್ದಳು.

"ಈಗ ಶುರು ಮಾಡ್ತೀನಿ ಲಲ್ಲಾ."

"ಲಕೋಟೆ ಅಂಟಿಸಿದ ಹಾಗಲ್ಲ ಮಗಾ ಅದು. ಉಗುಳು ಹಚ್ಚಿದ್ರೆ ನಿಲ್ಲಲ್ಲ."

"ಗೊತ್ತು ಲಲ್ಲಾ."

"ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಮುಗಿಸಿ, ಚಹಾ ಕುಡಿದು, ಇನ್ನೊಂದು ಮನೆ ಕಲ್ಲು ಎತ್ತಿರ್ತಿದ್ದ. ಹೋಗ್ಲಿ, ರಹೀಮೊ ಊಟಕ್ಕೆ ಏನು ಮಾಡಿದೀಯ?"

"ನೀವು ಕೊಡ್ತೀರಿ ಅಂದ್ಕೊಂಡಿದೀನಿ."

"ನಾಚಿಕೆಗೆಟ್ಟವನು," ಎಂದಳು ಶಾಮಾ, ಸಂತೋಷದಿಂದ, ಮತ್ತು ಮರೆಯಾದಳು.

ಹಲಗೆಯನ್ನು ಎರಡು ಗಿಡ್ಡ ಮಣೆಗಳ ಮೇಲಿಟ್ಟು ಅವನು ಕಾಗದದ ಸುರುಳಿ ಬಿಡಿಸಿದ. ಬಿಟ್ಟರೆ ಮತ್ತೆ ಸುರುಳಿಯಾಯಿತು. ಒಂದು ತುದಿಗೆ ಚಹಾದ ಕೆಟಲು ಇಟ್ಟ, ಇನ್ನೊಂದು ತುದಿಗೆ ಗರಗಸ. ನಡುವೆ ಉಬ್ಬಿತು. ಹಲಗೆ ಅಗಲ, ಅಂಚಿನಿಂದ ಕೈ ಚಾಚಿದರೆ ಪೆನ್ಸಿಲು ಆಚೆಯ ಗೆರೆಗೆ ಎಟಕುತ್ತಿರಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ, ಕಾಗದವನ್ನು ಮಂಡಿಯಿಂದ ಒತ್ತಿ ಹಿಡಿದು ಗೆರೆ ಎಳೆಯುವುದೊಂದೇ ದಾರಿ. ಮಂಡಿ ಎತ್ತಿ ಇಡಲು ಹೋದವನಿಗೆ ತನ್ನ ಮಂಡಿಯ ನೆರಳು ಎಲ್ಲಿ ಬಿದ್ದಿದೆಯೆಂದು ಕಾಣಿಸಿತು. ಸಿ ತುಹಾಮಿಯ ನಡುಗುವ ಅಕ್ಷರಗಳ ಮೇಲೆ, ಸರಿಯಾಗಿ ಆ ಹೆಸರಿನ ಮೇಲೆ. ಮಂಡಿಯನ್ನು ಹಿಂದಕ್ಕೆ ಎಳೆದುಕೊಂಡ. ಬೇರೆ ಕಡೆಯಿಂದ ಬಂದ. ಎಲ್ಲಿಂದ ಬಂದರೂ ಅದು ನಡುವೆ ಇತ್ತು. ಅಷ್ಟು ನಡುವೆ ಬರೆಯಬೇಕಿತ್ತೇ ಈ ಮುದುಕ? ರಬ್ಬರಿನಿಂದ ಅಳಿಸೋಣವೆಂದರೆ ಅದು ಶಾಯಿ. ಬೇರೆ ಕಾಗದಕ್ಕೆ ಇಳಿಸಿಕೊಳ್ಳೋಣವೆಂದರೆ ಅಷ್ಟು ದೊಡ್ಡ ಕಾಗದ ಮನೆಯಲ್ಲಿಲ್ಲ. ಬಾಂಗಿಗೆ ನಾಲ್ಕು ಗಂಟೆಯೂ ಉಳಿದಿಲ್ಲ. ಬೆವರು ಕತ್ತಿನ ಹಿಂದೆ ಇಳಿಯಿತು. ಅಂಚೆ ಕಚೇರಿಯಲ್ಲಿ ನೆಲಕ್ಕೆ ಬಿದ್ದ ಲಕೋಟೆಯನ್ನು ಕೂಡ, ಅದರೊಳಗೆ ಯಾವ ಹೆಸರಿದೆಯೋ ಎಂದು, ಎತ್ತಿ ಮುತ್ತಿಟ್ಟು ಮೇಜಿನ ಮೇಲಿಡುತ್ತಿದ್ದವನು ಅವನು. ಜೊತೆಯವರು ನಗುತ್ತಿದ್ದರು. ಕೊನೆಗೆ, ಯಾರೂ ನೋಡುತ್ತಿಲ್ಲವೆಂದು ಮಾಳಿಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಕಾಗದವನ್ನು ಮೆಲ್ಲಗೆ ಮಗುಚಿದ. ಹೆಸರು ಎಣ್ಣೆ ಕುಡಿದ ಚೊಕ್ಕ ಮರಕ್ಕೆ ಹಣೆಯೂರಿ ಮಲಗಿತು. ನಮಾಜಿನಲ್ಲಿ ಹಣೆಯಿಟ್ಟ ಹಾಗೆಯೇ ಅಲ್ಲವೇ ಎಂದುಕೊಂಡ. ಮನಸ್ಸಿಗೆ ತಂಪಾಯಿತು. ಮೇಲೆ ಬರಿಯ ಕಂದು ಬಣ್ಣ. ಅದರ ಮೇಲೆ ಮಂಡಿಯೂರಿದ. ಕಾಗದ ಅದೇ ಕಾಗದ, ಅಳತೆ ಅದೇ ಅಳತೆ. ಅಂಗಡಿಯವನ ಮಾತು ಕಿವಿಯ ಹೊರಗೆಲ್ಲೋ ನಿಂತಿತ್ತು, ಒಳಗೆ ಬರಲಿಲ್ಲ.

ಗೆರೆ ಬಿದ್ದ ಮೇಲೆ ಕೆಲಸ ತಾನೇ ಅವನನ್ನು ಹಿಡಿದುಕೊಂಡಿತು. ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಹೊಡೆದು, ಸಣ್ಣ ಗರಗಸದ ತುದಿ ತೂರಿಸಿ, ಎಳೆದ. ಮೊದಲು ಹಲ್ಲು ಕಚ್ಚಿತು, ಜಾರಿತು, ಹೆಬ್ಬೆರಳು ಗೀರಿಕೊಂಡಿತು. ಆಮೇಲೆ ಹೋಗುವುದು ಬರುವುದು ಒಂದು ಲಯಕ್ಕೆ ಬಿತ್ತು. ಅವನಿಗೆ ಗೊತ್ತಿಲ್ಲದೆಯೇ ತುಟಿ ಅಲ್ಲಾಡತೊಡಗಿತು. ಬಾಲ್ಯದಲ್ಲಿ ತೂಗಾಡುತ್ತ ಕಲಿತ ಸಾಲುಗಳು ಗರಗಸದ ಉಸಿರಿಗೆ ಸರಿಯಾಗಿ ಬಂದವು, ಉದ್ದ ಎಳೆಯುವಲ್ಲಿ ಉದ್ದ, ನಿಲ್ಲಿಸುವಲ್ಲಿ ನಿಲುಗಡೆ. ಮರದ ಹೊಟ್ಟಿನ ವಾಸನೆ ಎದ್ದಿತು. ಹೀಗೆ ಒಂದು ಕೆಲಸ ತನ್ನ ಕೈಯಿಂದ ಮುಂದೆ ಹೋಗುತ್ತಿದೆ ಎಂಬ ಖುಷಿ ಎಷ್ಟು ಹೊಸದಾಗಿತ್ತೆಂದರೆ, ಎಚ್ಚರ ತಪ್ಪಿತು. ಗಲ್ಲಿ ತಪ್ಪಿಸಿ ಓಡಾಡುತ್ತಿದ್ದ ಮನಸ್ಸು ಎದುರಿಗೇ ಬಂದು ನಿಂತಿತು. ಅವತ್ತು ರಹೀಮೊಳ ಕೈ ಹಿಟ್ಟಿನಲ್ಲಿತ್ತು. ಪಡಸಾಲೆಯಿಂದ ಕೂಗಿದಳು, ಆಲೂಗಡ್ಡೆ ಬೆಂದಿದೆ, ಒಂಚೂರು ನೀರು ಬಸಿದುಬಿಡಿ. ರೇಡಿಯೋದಲ್ಲಿ ಅವನಿಗೆ ಇಷ್ಟದ ಪಾರಾಯಣ ಬರುತ್ತಿತ್ತು, ಅದನ್ನು ಓದುವ ಖಾರಿಗಳು ಒಂದು ದೀರ್ಘ ಉಸಿರಿನ ನಡುವೆ ಇದ್ದರು. ಅದನ್ನು ಬಿಟ್ಟು ಏಳಬೇಕಾದ್ದಕ್ಕೆ ಸಿಡುಕಿಕೊಂಡು ಹೋದ. ಹಬೆ ಮಣಿಕಟ್ಟಿಗೆ ಹೊಡೆಯಿತು. ನಿಂತಲ್ಲಿಂದಲೇ, ಬಗ್ಗದೆ, ಕಲ್ಲಿನ ತೊಟ್ಟಿಯ ಕಡೆ ಸುರಿದ. ಅರ್ಧ ತೊಟ್ಟಿಗೆ ಹೋಯಿತು. ಕೊತಕೊತ ಕುದಿಯುವ ನೀರು ಆ ಕಪ್ಪು ತೂತಿನೊಳಗೆ ಗೊಳಕ್ಕನೆ ಇಳಿಯಿತು. ಬಿಸ್ಮಿಲ್ಲಾ ಎನ್ನಲಿಲ್ಲ. ಯಾವತ್ತೂ ಅನ್ನುತ್ತಿರಲಿಲ್ಲ. ಬಚ್ಚಲಿನ ಕೆಳಗೆ ಆ ಜಾಗದವರು ಇರುತ್ತಾರೆ, ನಮ್ಮ ಕಣ್ಣಿಗೆ ಕಾಣದವರು, ಹೆಸರು ಹೇಳಿ ಎಚ್ಚರಿಸದೆ ಬಿಸಿನೀರು ಸುರಿದರೆ ಅವರ ಮಕ್ಕಳ ಮೇಲೆ ಬೀಳುತ್ತದೆ, ಅವರು ಸುಮ್ಮನಿರುವುದಿಲ್ಲ. ಇದು ತಾಯಿಯ ಮಾತು, ರಹೀಮೊಳ ಮಾತು, ಊರಿನ ಎಲ್ಲ ಹೆಂಗಸರ ಮಾತು. ಮದುವೆಯಾದ ಹೊಸದರಲ್ಲಿ ರಹೀಮೊ ತೊಟ್ಟಿಯ ಮುಂದೆ ಬಗ್ಗಿ ಬಿಸ್ಮಿಲ್ಲಾ ಎಂದದ್ದನ್ನು ಕೇಳಿ ಅವನು ನಕ್ಕಿದ್ದ. ನಕ್ಕದ್ದಷ್ಟೇ ಅಲ್ಲ, ತಿದ್ದಿದ್ದ. "ಆ ಹೆಸರನ್ನ ಬಚ್ಚಲ ಬಾಯಿಗೆ ಹೇಳ್ತಾರೇನೆ? ಓದಿದವರ ಮನೆ ಇದು," ಎಂದಿದ್ದ. ಹತ್ತೊಂಬತ್ತು ವರ್ಷದ ಹುಡುಗಿ. ಕಿವಿಯ ತುದಿ ಕೆಂಪಾಯಿತು. ಆಮೇಲೆ ಅವಳು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಬಿಟ್ಟುಬಿಟ್ಟಳೆಂದು ಅವನು ತಿಳಿದಿದ್ದ.

ನೀರು ಸುರಿದು ರೇಡಿಯೋ ಮುಂದೆ ಬಂದು ಕೂತ. ಆ ಉಸಿರು ಮುಗಿದಿತ್ತು, ಮುಂದಿನದು ಶುರುವಾಗಿತ್ತು. ಅದರ ನಡುವೆ, ರಹೀಮೊ ಎದ್ದು ಹೋಗಿದ್ದ ಅಡುಗೆಮನೆಯಿಂದ ಸದ್ದು ಬಂತು. ಕೂಗಲ್ಲ. ಹಸಿ ಹಿಟ್ಟಿನ ಮುದ್ದೆಯನ್ನು ಎತ್ತಿ ಮಣೆಗೆ ಬಡಿದ ಹಾಗೆ ಒಂದು ಸದ್ದು. ಹಿಟ್ಟನ್ನು ಬಡಿಯುತ್ತಿದ್ದಾಳೆ ಎಂದುಕೊಂಡು ಆ ವಚನ ಮುಗಿಯುವವರೆಗೆ ಕೂತೇ ಇದ್ದ.

ನಾನು ಸುಟ್ಟದ್ದು, ಅವಳು ತೆತ್ತದ್ದು. ಇದನ್ನು ನಂಬುತ್ತೇನೆಯೇ ಎಂದು ನಲವತ್ತು ದಿನ ತನ್ನನ್ನೇ ಕೇಳಿಕೊಂಡಿದ್ದ. ನಂಬುವುದಿಲ್ಲ. ಆದರೆ ಪ್ರತಿ ರಾತ್ರಿ ಆ ತೊಟ್ಟಿಯ ತೂತಿನ ಮೇಲೆ ತಟ್ಟೆ ಮುಚ್ಚಿಟ್ಟೇ ಮಲಗುತ್ತಿದ್ದ.

ಹಲಗೆಯ ತುಂಡು ಧಡ್ಡನೆ ನೆಲಕ್ಕೆ ಬಿತ್ತು. ತೂತು ಚೊಕ್ಕವಾಗಿ ಬಂದಿತ್ತು, ಅವನಿಗೇ ಆಶ್ಚರ್ಯ. ಹಲಗೆಯನ್ನು ಒಬ್ಬನೇ ಅಪ್ಪಿಕೊಂಡು ಅಡುಗೆಮನೆಗೆ ಒಯ್ದು, ಇಟ್ಟಿಗೆ ಗೋಡೆಗಳ ಮೇಲೆ ಕೂರಿಸಿ, ಸಿಂಕನ್ನು ಎತ್ತಿ ತಂದು ಇಳಿಸಿದ. ಇಳಿಯಲಿಲ್ಲ. ಚೌಕ ಮೂಲೆ ದುಂಡನೆಯ ಕಡೆ ತಗುಲಿ ನಿಂತಿತು. ಒತ್ತಿದ. ಎತ್ತಿ ಮತ್ತೆ ಇಳಿಸಿದ. ಸಿಂಕಿನ ಗುಂಡಿ ಬಲಗಡೆಗಿದೆ; ಹಲಗೆಯ ದುಂಡು ಎಡಗಡೆಗಿದೆ. ಬಲಗೈಯನ್ನೂ ಎಡಗೈಯನ್ನೂ ಮುಂದೆ ಚಾಚಿ ನೋಡಿಕೊಂಡು ನಿಂತ. ಬರೆದ ಬದಿ ಮೇಲಿರ್ಲಿ, ಮಗುಚಬೇಡ. ಮಾತು ಈಗ ಒಳಗೆ ಬಂತು, ಬಂದು ಕೂತಿತು. ಕಾಗದದಲ್ಲಿ ಹೆಸರನ್ನು ಕೆಳಗೆ ಮಾಡಿದಾಗ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಮೂರು ಗಂಟೆಯ ಕೆಲಸ. ಹಲಗೆಯನ್ನೇ ತಿರುಗಿಸೋಣವೆಂದರೆ ಗೋಡೆಗೆ ಕೊಯ್ದ ಅಂಚು ಮುಂದಕ್ಕೆ ಬರುತ್ತದೆ. ಬೇರೆ ಹಲಗೆಯಿಲ್ಲ, ಹೊತ್ತೂ ಇಲ್ಲ. ಸಿಂಕಿನ ಅಂಚು ಹಿಡಿದು ಕಲ್ಲಿನ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತ. ಎಷ್ಟು ಹೊತ್ತು ಕೂತನೋ, ಅಂಗಳದಲ್ಲಿ ಬಿಸಿಲು ಗೋಡೆ ಹತ್ತತೊಡಗಿತ್ತು.

"ಸದ್ದೇ ಇಲ್ವಲ್ಲೋ," ಶಾಮಾಳ ದನಿ ಅಂಗಳದಿಂದ ಬಂತು. ಊಟದ ಪಾತ್ರೆ ಹಿಡಿದುಕೊಂಡು ಬಾಗಿಲಿಂದಲೇ ಬಂದಿದ್ದಳು. ಬಂದು ನಿಂತು, ಹಲಗೆ ನೋಡಿದಳು, ಸಿಂಕು ನೋಡಿದಳು, ಅವನನ್ನು ನೋಡಿದಳು. ಓದು ಬರಹ ತಿಳಿಯದ ಹೆಂಗಸು; ಒಂದು ಕ್ಷಣದಲ್ಲಿ ಎಲ್ಲ ತಿಳಿದುಕೊಂಡಳು.

"ತಿರುಗಿಸಿ ಹಾಕು."

"ನಲ್ಲಿ ತೂತು ಮುಂದಕ್ಕೆ ಬರುತ್ತೆ ಲಲ್ಲಾ. ಹೊಟ್ಟೆ ಹತ್ರ."

"ಬರ್ಲಿ. ಗೋಡೇಲಿ ಹಳೇ ನಲ್ಲಿ ಇಲ್ವಾ? ಅದಕ್ಕೊಂದು ರಬ್ಬರ್ ಪೈಪು ಹಾಕು. ಬಟ್ಟೇನ ಒಳಗಿಂದು ಹೊರಗೆ ಮಾಡಿ ಉಟ್ಕೊಂಡು ನೀನು ಆಫೀಸಿಗೆ ಹೋಗಿದ್ದು ನೆನಪಿದೆ ನಂಗೆ. ಯಾರು ಸತ್ರು?"

ತಿರುಗಿಸಿ ಇಳಿಸಿದಾಗ ಸಿಂಕು ಸುಮ್ಮನೆ, ಹಠ ಬಿಟ್ಟ ಮಗುವಿನ ಹಾಗೆ, ಹೋಗಿ ಕೂತಿತು. ಗುಂಡಿ ಎಡಕ್ಕೆ, ತಟ್ಟೆ ಬಲಕ್ಕೆ, ಮುಂದಿನ ಅಂಚಿನ ನಡುವೆ ಬಾಯಿ ಬಿಟ್ಟ ತೂತು. ಅದನ್ನು ನೋಡಿ ಶಾಮಾ ನಗು ತಡೆದುಕೊಂಡು, ಪಾತ್ರೆಯಿಟ್ಟು, ಮೆಟ್ಟಿಲು ಹತ್ತಿ ಹೋಗುವವರೆಗೆ ತಡೆದುಕೊಂಡು, ಮಾಳಿಗೆಯಲ್ಲಿ ಜೋರಾಗಿ ನಕ್ಕದ್ದು ಕೇಳಿಸಿತು. ಹೊಸದಾಗಿ ಕೊಂಡ ಎತ್ತರದ ನಲ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಅಟ್ಟಕ್ಕೆ ಹಾಕಿದ. ಸಿಂಕನ್ನು ಇನ್ನೊಮ್ಮೆ ಎತ್ತಿ, ಅಂಚಿನ ಕೆಳಗೆ ಸುತ್ತಲೂ ಅಂಟು ಹಿಂಡಿ, ಇಳಿಸಿ, ಉಕ್ಕಿದ್ದನ್ನು ಬೆರಳಿಂದ ಒರೆಸಿದ. ಕಟ್ಟೆಯ ಅಡಿಗೆ ತೂರಿ, ಕತ್ತಲೆಯಲ್ಲಿ ಕೊಳವೆ ಜೋಡಿಸಿದ. ರಬ್ಬರಿನ ವಾಷರು ಇತ್ತು, ಅದು ಮೇಲೆ ಬರಬೇಕೋ ಕೆಳಗೋ ಎಂದು ಯೋಚಿಸುವಾಗ ಬಾಂಗು ಕೇಳಿತು. ಕೆಳಗಿಟ್ಟು ಬಿಗಿದ. ಕೊಳವೆಯ ಇನ್ನೊಂದು ತುದಿಯನ್ನು ಹಳೆಯ ಕಲ್ಲಿನ ತೊಟ್ಟಿಯ ಆ ಕಪ್ಪು ತೂತಿಗೆ ಇಳಿಸಬೇಕಿತ್ತು. ಮುಚ್ಚಿದ ತಟ್ಟೆ ಸರಿಸಿದ. ತಣ್ಣನೆಯ ಹಳೆಯ ವಾಸನೆ ಮುಖಕ್ಕೆ ಬಂತು. ತುಟಿ ತೆರೆಯಿತು. ಹೇಳಲು ಆಗಲಿಲ್ಲ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕೊಳವೆ ಇಳಿಸಿದ.

ರಹೀಮೊಳನ್ನು ತಂಗಿಯ ಗಂಡ ಅಯ್ಯಾದ್ ಕರೆದುಕೊಂಡು ಬಂದ, ಚೀಲ ಇಟ್ಟು, ಗಾಡಿ ಬೀದಿ ಬಾಯಲ್ಲಿ ನಿಂತಿದೆಯೆಂದು ಚಹಾ ಕೂಡ ಕುಡಿಯದೆ ಹೋದ. ಅವಳು ಅಂಗಳದಲ್ಲಿ ಕೋಲೂರಿ ನಿಂತು ಉಸಿರು ಬಿಟ್ಟಳು. ಸಣ್ಣಗಾಗಿದ್ದಳು. ಮರದ ಹೊಟ್ಟು ಕಂಡು, "ಇಲ್ಲಿ ಕುರಿ ಕಟ್ಟಿದ್ರಾ?" ಎಂದಳು.

"ಒಳಗೆ ಬಾ," ಎಂದ ಮಫ್ದಲ್.

ಅಡುಗೆಮನೆಯ ಹೊಸ್ತಿಲಲ್ಲಿ ಅವಳು ತುಂಬ ಹೊತ್ತು ನಿಂತಳು. ಆಮೇಲೆ ಕೋಲು ಊರುತ್ತ, ಬಿದ್ದ ಜಾಗದಲ್ಲಿ ಒಂದು ಗಳಿಗೆ ನಿಧಾನಿಸಿ, ಅದನ್ನು ದಾಟಿ ಹೋದಳು. ಕಟ್ಟೆಯ ಮೇಲೆ ಕೈಯಾಡಿಸಿದಳು, ಸಿಂಕಿನ ಗುಂಡಿಯೊಳಗೆ ಕೈ ಇಳಿಸಿ ತಳ ಮುಟ್ಟಿದಳು. ನಿಂತೇ ಮುಟ್ಟಿದಳು. ಬೆರಳಿನ ಗಾಯ ನೋಡಿ, ಅವನ ಕೈಯನ್ನು ಅಪ್ಪ ಒಮ್ಮೆ ತಿರುಗಿಸಿದ ಹಾಗೆ ತಿರುಗಿಸಿದಳು.

"ನೀವೇ ಮಾಡಿದ್ದಾ?"

"ಹ್ಞೂಂ. ಹಿಂದುಮುಂದಾಗಿದೆ. ನಲ್ಲಿ ತೂತು ಮುಂದಕ್ಕೆ ಬಂದ್ಬಿಡ್ತು."

ಅವಳು ಆ ತೂತನ್ನು ನೋಡಿದಳು. ಕೈಯಲ್ಲಿದ್ದ ಕೋಲನ್ನು ನೋಡಿದಳು. ಕೋಲಿನ ತುದಿಯನ್ನು ತೂತಿಗೆ ತೂರಿಸಿ ಬಿಟ್ಟಳು. ಅದು ಕೆಳಗಿಳಿದು, ಬಾಗಿದ ಹಿಡಿ ಅಂಚಿಗೆ ತಗುಲಿ, ಕೈಗೆ ಸಿಗುವ ಹಾಗೆ ನಿಂತಿತು. ಎರಡೂ ಕೈ ಖಾಲಿಯಾದವು.

"ಕೋಲಿಗೆ ಮನೆ ಬೇಕು ಅಂತ ನಿಮಗೆ ಯಾರು ಹೇಳಿದ್ರು, ಸಿ ಮಫ್ದಲ್?"

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳು ಒಲೆಯ ಮೇಲಿದ್ದ ಬಿಸಿನೀರಿನ ಕೆಟಲನ್ನು ನೋಡುತ್ತಿದ್ದಳು. ಹೊಸ ಸಿಂಕು, ಮೊದಲ ನೀರು. ಅವನಿಗಿದ್ದ ಹೊತ್ತು ಅಷ್ಟೆ.

"ರಹೀಮೊ. ಆ ದಿನ ಬಿಸಿನೀರು ಸುರಿದೋನು ನಾನು. ಹೆಸರು ಹೇಳ್ಲಿಲ್ಲ. ಹೇಳ್ದೆ ಸುರಿದೆ. ನಿನಗೆ ಹೀಗಾಗಿದ್ದು ಅದಕ್ಕೇ…"

ಅವಳು ತಿರುಗಿ ನೋಡಿದಳು. ಆಶ್ಚರ್ಯ ಇರಲಿಲ್ಲ.

"ಗೊತ್ತಲ್ಲ. ನೀರಿನ ಸದ್ದು ಕೇಳ್ತು, ನಿಮ್ಮ ದನಿ ಕೇಳ್ಲಿಲ್ಲ. ಯಾವತ್ತು ಕೇಳಿದೆ? ಹಿಟ್ಟಿನ ಕೈಯಲ್ಲೇ ನಾನು ಹೇಳ್ದೆ. ನೀವು ಸುರಿದಾಗೆಲ್ಲ ನಾನೇ ಹೇಳೋದು. ಮೂವತ್ತೊಂದು ವರ್ಷ ಆಯ್ತು."

"ನನ್ನ ಪಾಲಿಂದೂ?"

"ಇನ್ಯಾರು ಹೇಳ್ತಾರೆ? ನೀವು ಓದಿದವರು."

ಎದೆಯ ಮೇಲಿಂದ ಕಲ್ಲು ಎತ್ತಿದ ಹಾಗಾಯಿತು. ಮೂವತ್ತೊಂದು ವರ್ಷ ಪಕ್ಕದ ಕೋಣೆಯಲ್ಲಿ ಒಬ್ಬರು ಕಿವಿಗೊಟ್ಟು ಕೂತಿದ್ದರು; ಅವನು ರೇಡಿಯೋಗೆ ಕಿವಿಗೊಟ್ಟಿದ್ದ. ಆ ಹಗುರದಲ್ಲಿ, ಯೋಚಿಸದೆ ಕೇಳಿಬಿಟ್ಟ: "ಹಾಗಾದ್ರೆ ಮತ್ತೆ ನೀನು ಬಿದ್ದಿದ್ದು ಯಾಕೆ?"

"ನೆಲ ಒದ್ದೆಯಿತ್ತು," ಎಂದಳು ರಹೀಮೊ, ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲಿ. "ಅರ್ಧ ನೀರು ಆಚೆ ಚೆಲ್ಲಿದ್ರಿ. ಒರೆಸಿರ್ಲಿಲ್ಲ."

ಅರ್ಧ ತೊಟ್ಟಿಗೆ ಹೋಯಿತು ಎಂಬುದನ್ನು ನಲವತ್ತು ದಿನದಲ್ಲಿ ನೂರು ಸಲ ನೆನೆದಿದ್ದ. ಉಳಿದ ಅರ್ಧ ಎಲ್ಲಿ ಹೋಯಿತೆಂದು ಒಮ್ಮೆಯೂ ನೋಡಿರಲಿಲ್ಲ. ಕಾಣದವರ ಕಡೆಯೇ ನೋಡಿದ್ದ. ಕಾಣುವ ನೆಲದ ಮೇಲೆ, ಹಬೆಯಾಡುತ್ತ ಹರಡಿದ್ದ ಆ ನೀರು ಈಗ ಕಾಣಿಸಿತು. ಅದರ ಪಕ್ಕದಲ್ಲಿ ನಡೆದು ರೇಡಿಯೋ ಕಡೆ ಹೋದ ತನ್ನ ಕಾಲೂ ಕಾಣಿಸಿತು.

ರಹೀಮೊ ತುಟಿ ಅಲ್ಲಾಡಿಸಿ, ಕೆಟಲು ಬಗ್ಗಿಸಿ ಒಂದಿಷ್ಟು ನೀರು ಸುರಿದಳು. ಸಿಂಕು ಟಣ್ಣೆಂದಿತು, ಹಬೆ ಎದ್ದಿತು, ನೀರು ಸುಳಿದು ಇಳಿದು ಹೋಯಿತು. ಇಬ್ಬರೂ ಕಿವಿಗೊಟ್ಟರು. ಆಮೇಲೆ ಕೆಳಗೆ, ಕತ್ತಲೆಯಲ್ಲಿ, ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

"ಸೋರ್ತಾ ಇದೆ," ಎಂದಳು.

"ಹಿಂದೆ ಸರಿ ನೀನು. ಕಾಲು ಇಡಬೇಡ."

ಬಾಗಿಲ ಹಿಂದಿನ ಒರಸುಬಟ್ಟೆ ಎಲ್ಲಿರುತ್ತದೆಂದು ಹುಡುಕಬೇಕಾಯಿತು. ಅವನು ಮಂಡಿಯೂರಿದ. ಮಂಡಿಯ ಕೆಳಗೆ ನೀರು ಬೆಚ್ಚಗಿತ್ತು. ನೆಲದ ನೀರನ್ನು ಒಂದು ಕಡೆಯಿಂದ ಒರೆಸುತ್ತ, ಹಿಂಡುತ್ತ, ಮತ್ತೆ ಒರೆಸುತ್ತ ಕಟ್ಟೆಯ ಅಡಿಗೆ ಹೋದ. ವಾಷರು ಬಿಚ್ಚಿ ಮೇಲಕ್ಕೆ ಹಾಕಿ ಬಿಗಿದ. ಕೆಸರಿನ ವಾಸನೆಯ ಆ ತೂತು ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಪಕ್ಕದಲ್ಲಿ, ತೂತಿನಿಂದ ಇಳಿಬಿದ್ದ ರಹೀಮೊಳ ಕೋಲಿನ ತುದಿ ಅಲುಗುತ್ತಿತ್ತು.

"ಸುರೀಲಾ?" ಮೇಲಿಂದ ಅವಳ ದನಿ.

"ತಾಳು," ಎಂದ. ಒದ್ದೆ ನೆಲದ ಮೇಲೆ ಎರಡೂ ಅಂಗೈ ಊರಿ, ಆ ಕಪ್ಪು ಬಾಯಿಗೆ ಕೇಳುವ ಹಾಗೆ, ಪಕ್ಕದ ಕೋಣೆಯವರಿಗೂ ಕೇಳುವಷ್ಟು ಜೋರಾಗಿ, "ಬಿಸ್ಮಿಲ್ಲಾ," ಎಂದ. ಅವನು ಕೊಳವೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ.

"ಈಗ ಸುರಿ."